ಫಣೀಂದ್ರ ಸಾಮಾ ತಪ್ಪಿಸಿಕೊಂಡ ಬಸ್ಸು, ನಾವು ತೆರುವ ಹಬ್ಬದ ದರ

ದೀಪಾವಳಿಗೆ ಹದಿನೈದು ದಿನ ಇರುವಾಗ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಖಾಸಗಿ ಬಸ್ಸುಗಳ ದರ ದುಪ್ಪಟ್ಟು, ಪ್ರಯಾಣಿಕರ ಆಕ್ರೋಶ, ಸಾರಿಗೆ ಇಲಾಖೆಯ ಎಚ್ಚರಿಕೆ. ಹಿಂದಿನ ವರ್ಷದ ಸುದ್ದಿಯಲ್ಲಿ ಇಸವಿಯೊಂದನ್ನು ತಿದ್ದಿ ಮತ್ತೆ ಅಚ್ಚು ಹಾಕಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಜೊತೆಗಿನ ಚಿತ್ರವೂ ಅದೇ. ಮೊಬೈಲ್ ಪರದೆ, ಅದರ ಮೇಲೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟ ಸ್ಲೀಪರ್ ಬಸ್ಸು, ಪಕ್ಕದಲ್ಲಿ ವಿಮಾನದ ಟಿಕೆಟ್ಟನ್ನು ನೆನಪಿಸುವ ಮೊತ್ತ. ಜನರ ಸಿಟ್ಟೆಲ್ಲ ಆ ಪರದೆಯ ಮೇಲೆ.

ಆ ಪರದೆ ಹುಟ್ಟಿದ್ದೂ ಒಂದು ದೀಪಾವಳಿಯಲ್ಲೇ, ಬೆಂಗಳೂರಿನಲ್ಲೇ. 2005ರಲ್ಲಿ ದೀಪಾವಳಿ ನವೆಂಬರ್ 1ರ ಮಂಗಳವಾರ ಬಂದಿತ್ತು. ರಾಜ್ಯೋತ್ಸವವೂ ಅದೇ ದಿನ. ಸೋಮವಾರ ಒಂದು ರಜೆ ಹಾಕಿದರೆ ಶನಿವಾರದಿಂದ ನಾಲ್ಕು ದಿನ ಊರಿನಲ್ಲಿರಬಹುದು ಎಂಬ ಲೆಕ್ಕವನ್ನು ಬೆಂಗಳೂರಿನ ಪ್ರತಿಯೊಬ್ಬ ನೌಕರನೂ ಹಾಕಿರುತ್ತಾನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮಾ ಕೂಡ ಹಾಗೆಯೇ ಹೈದರಾಬಾದಿನ ಬಸ್ಸಿಗೆ ಟಿಕೆಟ್ ಹುಡುಕಿ ಹೊರಟರು. ಒಬ್ಬ ಏಜೆಂಟರಿಂದ ಇನ್ನೊಬ್ಬರ ಬಳಿಗೆ ಅಲೆದರು. ಎಲ್ಲಿಯೂ ಸೀಟು ಸಿಗಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಲಾಗದೆ ಉಳಿದರು. ಮುಂದಿನ ವರ್ಷ, 2006ರ ಆಗಸ್ಟ್‌ನಲ್ಲಿ, ಇಬ್ಬರು ಗೆಳೆಯರೊಂದಿಗೆ ಬಸ್ ಟಿಕೆಟ್ಟನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ರೆಡ್‌ಬಸ್ ಶುರು ಮಾಡಿದರು. 2013ರಲ್ಲಿ ಅದನ್ನು ನೂರಾರು ಕೋಟಿ ರೂಪಾಯಿಗೆ ಮಾರಿದರು.

ಕಥೆ ನಿಜ. ಆದರೆ ನೂರಾರು ವೇದಿಕೆಗಳಲ್ಲಿ ಹೇಳಿ ಹೇಳಿ ಅದು ಕಾಲ ಸವೆಸಿದ ನಾಣ್ಯದಂತೆ ನುಣುಪಾಗಿಬಿಟ್ಟಿದೆ. ಇನ್ಫೊಸಿಸ್ ಎಂದರೆ ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿ, ರೆಡ್‌ಬಸ್ ಎಂದರೆ ತಪ್ಪಿದ ಬಸ್ಸು. ಉದ್ಯಮಿಯ ಬದುಕನ್ನು ಒಂದು ಪ್ರಸಂಗಕ್ಕೆ ಇಳಿಸಿದರೆ ಭಾಷಣಕ್ಕೆ ಅನುಕೂಲ, ತಿಳಿವಳಿಕೆಗೆ ನಷ್ಟ. ಆ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ತಪ್ಪಿಸಿಕೊಂಡವರು ಸಾವಿರಾರು ಮಂದಿ. ಇವರೊಬ್ಬರೇ ಯಾಕೆ ಕಂಪನಿ ಕಟ್ಟಿದರು? ಕಟ್ಟಿ ಬಗೆಹರಿಸಿದ್ದು ಯಾವ ಸಮಸ್ಯೆಯನ್ನು? ಇಷ್ಟಾದ ಮೇಲೂ ಹಬ್ಬದ ಟಿಕೆಟ್ಟಿನ ಗೋಳು ಯಾಕೆ ಹಾಗೆಯೇ ಉಳಿದಿದೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ಒಂದು ಟ್ರಾವೆಲ್ಸ್ ಅಂಗಡಿಯೊಳಗೆ ಹೋಗಿ ಕೂರಬೇಕು.

ನಾನು ಕಾಲೇಜಿನಲ್ಲಿ ಓದುವಾಗ ಆನಂದರಾವ್ ವೃತ್ತದ ಬಳಿಯ ಅಂಥ ಒಂದು ಅಂಗಡಿಯಲ್ಲಿ ಮಲೆನಾಡಿನ ನಮ್ಮ ಊರಿಗೆ ಟಿಕೆಟ್ ಕೊಳ್ಳುತ್ತಿದ್ದೆ. ಎಸ್‌ಟಿಡಿ ಬೂತ್, ಜೆರಾಕ್ಸ್ ಯಂತ್ರ, ಮೂಲೆಯಲ್ಲಿ ಟ್ರಾವೆಲ್ಸ್ ಮೇಜು, ಮೂರೂ ಒಂದೇ ಕೋಣೆಯಲ್ಲಿ. ಮೇಜಿನ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ. ಒಂದೊಂದು ಪುಟದಲ್ಲಿ ಒಂದೊಂದು ಬಸ್ಸಿನ ಚೌಕುಳಿ, ಎಡಕ್ಕೆ ಎರಡು, ಬಲಕ್ಕೆ ಎರಡು, ಕೊನೆಯಲ್ಲಿ ಐದು. ಪೆನ್ಸಿಲ್ಲಿನಲ್ಲಿ ಬರೆದ ಹೆಸರುಗಳು, ರಬ್ಬರ್ ಉಜ್ಜಿ ಉಜ್ಜಿ ತೆಳುವಾದ ಕಾಗದ. ನಾವು ಊರಿನ ಹೆಸರು ಹೇಳಿದ ಕೂಡಲೇ ಏಜೆಂಟರು ಫೋನ್ ಎತ್ತುತ್ತಿದ್ದರು. "ಎರಡು ಸೀಟು, ಒಬ್ಬರು ಲೇಡೀಸ್, ಮುಂದಿನದೇ ಕೊಡಿ." ಆ ಕಡೆಯಿಂದ ಒಂದು ನಂಬರ್ ಬರುತ್ತಿತ್ತು. ಕಾರ್ಬನ್ ಹಾಳೆ ಇಟ್ಟು ಬರೆದ ಗುಲಾಬಿ ಚೀಟಿ ನಮ್ಮ ಕೈಗೆ.

ಈ ವ್ಯವಸ್ಥೆಯ ಹೂರಣ ಆ ಫೋನ್ ಕರೆಯಲ್ಲಿತ್ತು. ಬಸ್ಸಿನ ಮಾಲೀಕರು ಇದ್ದ ಸೀಟುಗಳನ್ನು ಅಂಗಡಿಗಳಿಗೆ ಹಂಚಿಬಿಡುತ್ತಿದ್ದರು. ಈ ಅಂಗಡಿಗೆ ಆರು, ಆ ಅಂಗಡಿಗೆ ನಾಲ್ಕು. ಇದಕ್ಕೆ ಕೋಟಾ ಎನ್ನುತ್ತಿದ್ದರು. ತನ್ನ ಕೋಟಾ ಮುಗಿದರೆ ಏಜೆಂಟರು ಹೆಡ್ ಆಫೀಸಿಗೆ ಫೋನ್ ಮಾಡಬೇಕು, ಲೈನ್ ಸಿಗಬೇಕು, ಅಲ್ಲಿನವರು ಪುಸ್ತಕ ನೋಡಿ ಹೇಳಬೇಕು. ಹಬ್ಬದ ಹೊತ್ತಿನಲ್ಲಿ ಆ ಫೋನು ಯಾವಾಗಲೂ ಎಂಗೇಜ್. ಆಗ ಏಜೆಂಟರು ನಿಟ್ಟುಸಿರು ಬಿಟ್ಟು "ಫುಲ್" ಎನ್ನುತ್ತಿದ್ದರು. ಫುಲ್ ಎಂದರೆ ಬಸ್ಸು ತುಂಬಿದೆ ಎಂದೇನೂ ಆಗಿರಲಿಲ್ಲ. ನನಗೆ ಕಾಣುವಷ್ಟು ಸೀಟು ಮುಗಿದಿದೆ ಎಂದಷ್ಟೇ. ಎರಡು ಕಿಲೋಮೀಟರ್ ಆಚೆ, ಇನ್ನೊಂದು ಅಂಗಡಿಯ ಪುಸ್ತಕದಲ್ಲಿ, ಅದೇ ಬಸ್ಸಿನ ಮೂರು ಚೌಕಗಳು ಖಾಲಿ ಕೂತಿರುತ್ತಿದ್ದವು. ಬಸ್ಸು ಆ ಖಾಲಿ ಸೀಟುಗಳನ್ನು ಹೊತ್ತುಕೊಂಡೇ ತುಮಕೂರು ದಾಟುತ್ತಿತ್ತು.

ಇದರ ತಿರುಗುಮುರುಗೂ ಆಗುತ್ತಿತ್ತು. ಒಮ್ಮೆ ನನ್ನ ಹನ್ನೊಂದನೇ ನಂಬರಿನ ಸೀಟಿನಲ್ಲಿ ಅಷ್ಟೇ ಅಪ್ಪಟ ಚೀಟಿ ಹಿಡಿದ ಹಿರಿಯರೊಬ್ಬರು ಕುಳಿತಿದ್ದರು. ಕ್ಲೀನರ್ ಎರಡೂ ಚೀಟಿಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, ಯಾವುದೂ ಸುಳ್ಳಲ್ಲ ಎಂದು ತೀರ್ಪು ಕೊಟ್ಟ. ನಾನು ಕ್ಯಾಬಿನ್‌ನಲ್ಲಿ, ಎಂಜಿನ್ನಿನ ಬಿಸಿ ಮುಚ್ಚಳಕ್ಕೆ ಕಾಲು ತಾಗಿಸಿಕೊಂಡು, ಡ್ರೈವರ್ ಜೊತೆ ಹರಟುತ್ತ ಊರು ಸೇರಿದೆ. ಹೋಗುವ ಟಿಕೆಟ್ ಹೇಗೋ ಆಯಿತು, ಬರುವ ಟಿಕೆಟ್ ಮಾತ್ರ ಇಲ್ಲಿಂದ ಮಾಡಲು ಬರುತ್ತಿರಲಿಲ್ಲ. ಅದನ್ನು ಊರಿನಲ್ಲಿ ಇಳಿದ ಮೇಲೆಯೇ ನೋಡಿಕೊಳ್ಳಬೇಕು.

ಫಣೀಂದ್ರ ಅವರ ಹೆಚ್ಚುಗಾರಿಕೆ ಇರುವುದು ಬಸ್ಸು ತಪ್ಪಿದ್ದರಲ್ಲಲ್ಲ, ಹಬ್ಬ ಮುಗಿದ ಮೇಲೂ ಆ ಏಜೆಂಟರ ಬಳಿಗೆ ಮತ್ತೆ ಹೋದದ್ದರಲ್ಲಿ. ಟಿಕೆಟ್ ಬೇಕಿಲ್ಲದ ದಿನ ಹೋಗಿ ಕುಳಿತು, ಈ ಕೋಟಾ, ಈ ಫೋನು, ಈ ಪುಸ್ತಕ ಎಲ್ಲ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದರು. ಆಗ ತಿಳಿದದ್ದು ಇಷ್ಟು: ಊರಿಗೆ ಹೋಗುವ ಬಸ್ಸಿನಲ್ಲಿ ಸೀಟು ಇದ್ದಿರಬಹುದು, ಇತ್ತೋ ಇಲ್ಲವೋ ಎಂದು ಹೇಳಬಲ್ಲವರು ಇಡೀ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಇದೇನೂ ಜಗತ್ತು ಕಂಡಿರದ ಸಮಸ್ಯೆಯಲ್ಲ. ಅಮೆರಿಕದ ವಿಮಾನ ಕಂಪನಿಗಳೂ ಒಂದು ಕಾಲದಲ್ಲಿ ಹೀಗೆಯೇ ಫೋನು ಮತ್ತು ಕಾರ್ಡುಗಳಲ್ಲಿ ಸೀಟು ಲೆಕ್ಕ ಇಡುತ್ತಿದ್ದವು. 1953ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ಸಿ.ಆರ್. ಸ್ಮಿತ್ ಅವರ ಪಕ್ಕದ ಸೀಟಿನಲ್ಲಿ ಐಬಿಎಂನ ಮಾರಾಟಗಾರ ಬ್ಲೇರ್ ಸ್ಮಿತ್ ಕುಳಿತದ್ದು, ಇಬ್ಬರ ಮಾತಿನಿಂದ ಸೇಬರ್ ಎಂಬ ಬುಕಿಂಗ್ ವ್ಯವಸ್ಥೆ ಹುಟ್ಟಿದ್ದು, 1960ರ ದಶಕದ ನಡುವಿಗೆ ಅದು ಪೂರ್ತಿ ನೆಲೆಯೂರಿದ್ದು ಕಂಪ್ಯೂಟರ್ ಚರಿತ್ರೆಯ ಪ್ರಸಿದ್ಧ ಪ್ರಸಂಗ. (ಅಲ್ಲಿಯೂ ಒಂದು ಸೀಟಿನ ಕಥೆಯೇ ಮುಂದೆ ನಿಂತಿದೆ ನೋಡಿ.) ನಮ್ಮ ರೈಲ್ವೆ 1980ರ ದಶಕದಲ್ಲಿ ಮುಂಗಡ ಬುಕಿಂಗನ್ನು ಕಂಪ್ಯೂಟರಿಗೆ ತಂದಿತು, 2002ರ ಹೊತ್ತಿಗೆ ಐಆರ್‌ಸಿಟಿಸಿ ಅದನ್ನು ಇಂಟರ್‌ನೆಟ್ಟಿಗೆ ಏರಿಸಿತು. ಹಾಗಾದರೆ ಬಸ್ಸು ಯಾಕೆ ಹಿಂದುಳಿಯಿತು? ರೈಲಿಗೆ ಒಬ್ಬನೇ ಮಾಲೀಕ, ವಿಮಾನಕ್ಕೆ ಬೆರಳೆಣಿಕೆಯವರು. ಖಾಸಗಿ ಬಸ್ಸಿಗೆ ಊರಿಗೊಬ್ಬ. ಎರಡು ಬಸ್ಸಿನವನೂ ಇದ್ದ, ಇನ್ನೂರು ಬಸ್ಸಿನವನೂ ಇದ್ದ. ಅವರೆಲ್ಲ ಒಂದೇ ಪುಸ್ತಕದಲ್ಲಿ ಬರೆಯಬೇಕು ಎಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಒಬ್ಬೊಬ್ಬರ ಬಾಗಿಲಿಗೆ ಹೋಗಿ ಒಪ್ಪಿಸಬೇಕಿತ್ತು.

ಆ ಕೆಲಸಕ್ಕೆ ಫಣೀಂದ್ರ ಹೇಗೆ ಒದಗಿದರು ಎಂಬಲ್ಲಿ ಅವರ ಹಿನ್ನೆಲೆ ಮುಖ್ಯವಾಗುತ್ತದೆ. ಹುಟ್ಟಿದ್ದು ಇಂದಿನ ತೆಲಂಗಾಣದಲ್ಲಿರುವ, ನಿಜಾಮಾಬಾದ್ ಕಡೆಯ ತಡಪಾಕಲ್ ಎಂಬ ಹಳ್ಳಿಯಲ್ಲಿ. ಓದಿದ್ದು ರಾಜಸ್ಥಾನದ ಪಿಲಾನಿಯ ಬಿಟ್ಸ್ ಎಂಬ ಎಂಜಿನಿಯರಿಂಗ್ ಶಿಕ್ಷಣ ಸಂಸ್ಥೆಯಲ್ಲಿ, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್. ಕೆಲಸ ಚಿಪ್ ವಿನ್ಯಾಸ. ಜೊತೆಗೂಡಿದ ಸುಧಾಕರ್ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಇಬ್ಬರೂ ಪಿಲಾನಿಯಲ್ಲಿ ಓದಿದವರೇ. ಒಬ್ಬರು ಐಬಿಎಂನಲ್ಲಿದ್ದರು, ಇನ್ನೊಬ್ಬರು ಹನಿವೆಲ್‌ನಲ್ಲಿ. ಕಂಪನಿಗೆ ಮೊದಲು ಇಟ್ಟ ಹೆಸರೇ ಪಿಲಾನಿ ಸಾಫ್ಟ್ ಲ್ಯಾಬ್ಸ್. ಬಸ್ ಉದ್ಯಮದಲ್ಲಿ ಅಪ್ಪ ಅಜ್ಜ ದುಡಿದವರಲ್ಲ, ವೆಬ್‌ಸೈಟ್ ಕಟ್ಟುವ ಕಸುಬಿನಲ್ಲಿ ಪಳಗಿದವರೂ ಅಲ್ಲ. ಸಿಲಿಕಾನ್ ಚೂರಿನ ಮೇಲೆ ಗೆರೆ ಎಳೆಯುತ್ತಿದ್ದ ಫಣೀಂದ್ರ ಅವರಿಗೆ ವೆಬ್ ಎಂಬುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಾಗಿತ್ತು.

ಅವರಲ್ಲಿ ಇದ್ದದ್ದು ಬೇರೆಯದೇ ಬಂಡವಾಳ. ಬಹುರಾಷ್ಟ್ರೀಯ ಕಂಪನಿಯ ಸಂಬಳ, ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡ ಕಾಲೇಜಿನ ಗೆಳೆಯರು, ಬಿಟ್ಟ ಕೆಲಸ ಮತ್ತೆ ಸಿಕ್ಕೀತು ಎಂಬ ಧೈರ್ಯ. ಇದರ ಜೊತೆಗೆ ಬೆಂಗಳೂರು ಎಂಬ ಊರು. ಹೊಸ ಉದ್ಯಮಿಗಳಿಗೆ ಅನುಭವಸ್ಥರ ಮಾರ್ಗದರ್ಶನ ಕೊಡಿಸುತ್ತಿದ್ದ ಟೈ ಸಂಸ್ಥೆಯ ಬೆಂಗಳೂರು ಘಟಕ ಇವರನ್ನು ಆಯ್ದುಕೊಂಡಿತು. ಅನಂತರ ಸೀಡ್‌ಫಂಡ್ ಎಂಬ ಹೂಡಿಕೆ ಸಂಸ್ಥೆ ಹಣ ಹಾಕಿತು. ಬಸ್ಸಿನ ತೊಂದರೆಯನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಆ ಅಂಗಡಿಯ ಏಜೆಂಟರೇ. ಅವರು ಇಪ್ಪತ್ತು ವರ್ಷ ಆ ಪುಸ್ತಕದೊಂದಿಗೆ ಬಾಳಿದವರು. ಆದರೆ ಆರು ತಿಂಗಳು ಆದಾಯವಿಲ್ಲದೆ ಇದ್ದು ಪ್ರಯೋಗ ಮಾಡುತ್ತೇನೆ ಎಂದರೆ ಅವರ ಮನೆ ನಡೆಯುತ್ತಿರಲಿಲ್ಲ. ಹೂಡಿಕೆದಾರರ ಮೇಜಿನ ಎದುರು ಕೂರಲು ಅವರಿಗೆ ಯಾರೂ ಕುರ್ಚಿ ಹಾಕುತ್ತಿರಲಿಲ್ಲ. ಸ್ಟಾರ್ಟ್‌ಅಪ್ ಕಥೆಗಳು ಹೇಳದೆ ಬಿಡುವ ಭಾಗ ಇದು. ಫಣೀಂದ್ರ ಅವರ ಶ್ರಮವನ್ನು ಕಡಿಮೆ ಮಾಡುವ ಮಾತಲ್ಲ. ಶ್ರಮ ಪಡಲು ಬೇಕಾದ ಪುರುಸೊತ್ತು ಎಲ್ಲಿಂದ ಬಂತು ಎಂಬ ಲೆಕ್ಕ.

ಮೊದಲ ಏಟಿಗೇ ಗುರಿ ತಾಗಲೂ ಇಲ್ಲ. ಅವರು ಮೊದಲು ಯೋಚಿಸಿದ್ದು ಬಸ್ ಮಾಲೀಕರಿಗೆ ತಂತ್ರಾಂಶ ಮಾಡಿಕೊಡುವುದನ್ನು: ಸೀಟೆಲ್ಲ ಕಂಪ್ಯೂಟರಿನಲ್ಲಿ, ಎಲ್ಲ ಏಜೆಂಟರಿಗೂ ಒಂದೇ ಚಿತ್ರ. ಮಾಲೀಕರು ಮುಖ ತಿರುಗಿಸಿದರು. ಅವರ ಕಡೆಯಿಂದ ನೋಡಿದರೆ ಅದು ಸಹಜವೇ. ಫೋನು, ಪುಸ್ತಕ, ಪೆನ್ಸಿಲ್‌ನಲ್ಲಿ ವ್ಯಾಪಾರ ನಡೆಯುತ್ತಿತ್ತು. ಯಾರೋ ಮೂವರು ಹುಡುಗರು ಬಂದು ಸೀಟಿನ ಲೆಕ್ಕ ತಮ್ಮ ಯಂತ್ರಕ್ಕೆ ಒಪ್ಪಿಸಿ ಎಂದರೆ ಯಾರು ಒಪ್ಪುತ್ತಾರೆ? ಎಷ್ಟು ಸೀಟು ಮಾರಿದೆ ಎಂಬುದು ಪ್ರತಿಸ್ಪರ್ಧಿಗೂ ತೆರಿಗೆಯವರಿಗೂ ತಿಳಿಯದೆ ಇರುವುದೇ ಕೆಲವರಿಗೆ ಕ್ಷೇಮ ಎಂದು ನನ್ನ ಗುಮಾನಿ.

ಆಗ ಅವರು ಉಪಾಯ ಬದಲಿಸಿದರು. ತಾವೇ ಒಬ್ಬ ಏಜೆಂಟ್ ಆದರು. ಮಾಲೀಕರ ಹತ್ತಿರ ಹೋಗಿ ಉಳಿದ ಅಂಗಡಿಗಳಂತೆ ನಮಗೂ ನಾಲ್ಕು ಸೀಟು ಕೊಡಿ ಎಂದು ಕೇಳಿದರು. ಈ ಭಾಷೆ ಮಾಲೀಕರಿಗೆ ಅರ್ಥವಾಯಿತು. ವೆಬ್‌ಸೈಟಿನಲ್ಲಿ ಬುಕ್ ಆದ ಟಿಕೆಟ್ಟನ್ನು ಮನೆಗೋ ಕಚೇರಿಗೋ ತಲುಪಿಸಿ ಬರುವ ಕಾಲ ಅದು. ಆನ್‌ಲೈನ್‌ನಲ್ಲಿ ಹಣ ಕೊಡಲು ಜನ ಅಂಜುತ್ತಿದ್ದರು. ಕೊಟ್ಟ ಸೀಟು ಮಾರಿಹೋಗಿ ಹಣ ಸರಿಯಾಗಿ ಕೈಸೇರಿದಾಗ ಮಾಲೀಕರು ಇನ್ನಷ್ಟು ಕೊಟ್ಟರು. ಹೀಗೆ ನಂಬಿಕೆ ಬೆಳೆದ ಮೇಲೆ, ಮೊದಲು ಬೇಡ ಎಂದಿದ್ದ ಅದೇ ತಂತ್ರಾಂಶವನ್ನು ಅದೇ ಜನ ತೆಗೆದುಕೊಂಡರು. ಹಿಂಬಾಗಿಲಿನಿಂದ ಒಳಗೆ ಬಂದು ಮುಂಬಾಗಿಲು ತೆರೆಸಿದಂತೆ. ನನ್ನ ಮಟ್ಟಿಗೆ ರೆಡ್‌ಬಸ್ ಕಥೆಯ ತಿರುಳು ಇದು, ದೀಪಾವಳಿಯ ರಾತ್ರಿಯಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದದ್ದು. ಹೀಲಿಯನ್, ಇನ್ವೆಂಟಸ್ ಮೊದಲಾದ ಹೂಡಿಕೆ ಸಂಸ್ಥೆಗಳು ಬಂದವು. 2013ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ನ್ಯಾಸ್ಪರ್ಸ್ ಬೆಂಬಲವಿದ್ದ ಐಬಿಬೊ ಸಮೂಹ ರೆಡ್‌ಬಸ್ಸನ್ನು ಕೊಂಡಿತು. ಫಣೀಂದ್ರ ಮರುವರ್ಷ ಮುಖ್ಯಸ್ಥರ ಸ್ಥಾನ ಬಿಟ್ಟರು, ಪ್ರಕಾಶ್ ಸಂಗಮ್ ಆ ಜಾಗಕ್ಕೆ ಬಂದರು. 2017ರಲ್ಲಿ ಐಬಿಬೊ ಪ್ರಯಾಣದ ಬುಕಿಂಗ್ ಮಾಡುವ ಮೇಕ್‌ಮೈಟ್ರಿಪ್ ಕಂಪನಿಯೊಳಗೆ ಸೇರಿತು. ಇಂದು ಅದೇ ಹೆಸರಿನಲ್ಲಿ ಮಲೇಷ್ಯಾದಲ್ಲಿಯೂ ಪೆರುವಿನಲ್ಲಿಯೂ ಬಸ್ ಟಿಕೆಟ್ ಮಾರಾಟವಾಗುತ್ತದೆ. ಫಣೀಂದ್ರ ಅವರನ್ನು 2018ರಲ್ಲಿ ತೆಲಂಗಾಣ ಸರ್ಕಾರ ತನ್ನ ಮುಖ್ಯ ನಾವೀನ್ಯತಾ ಅಧಿಕಾರಿಯಾಗಿ ನೇಮಿಸಿಕೊಂಡಿತು. ಹಳ್ಳಿಯಿಂದ ಪಿಲಾನಿ, ಪಿಲಾನಿಯಿಂದ ಬೆಂಗಳೂರು, ಬೆಂಗಳೂರಿನಿಂದ ತನ್ನ ರಾಜ್ಯದ ಸೇವೆಗೆ.

ಈಗ ಹಬ್ಬದ ದರಕ್ಕೆ ಬರೋಣ. ಪರದೆ ಬರುವ ಮೊದಲು ಹಬ್ಬಕ್ಕೆ ದರ ಏರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅವರು ಆ ಕಾಲದಲ್ಲಿ ಪ್ರಯಾಣ ಮಾಡಿಲ್ಲ. "ಹಬ್ಬದ ರೇಟು" ಎಂಬ ಮಾತು ಆಗಲೂ ಇತ್ತು. ಏಜೆಂಟರು ನಮ್ಮ ಮುಖ ನೋಡಿ, ಬೆನ್ನ ಮೇಲಿನ ಬ್ಯಾಗು ನೋಡಿ, ಗಡಿಯಾರ ನೋಡಿ ಒಂದು ಮೊತ್ತ ಹೇಳುತ್ತಿದ್ದರು. ಪಕ್ಕದ ಸೀಟಿನವರು ಎಷ್ಟು ಕೊಟ್ಟರೆಂದು ನಡುರಾತ್ರಿ ಬಸ್ಸಿನಲ್ಲಿ ಮಾತಿಗೆ ಮಾತು ಬಂದಾಗಲೇ ತಿಳಿಯುತ್ತಿತ್ತು. ಪರದೆ ಮಾಡಿದ್ದು ಆ ಪಿಸುಮಾತನ್ನು ಬೋರ್ಡಿಗೆ ಬರೆದದ್ದು. ಬರೆದ ಮೇಲೆ ಅದು ಎಲ್ಲರಿಗೂ ಕಂಡಿತು. ಪಕ್ಕದ ಬಸ್ಸಿನ ಮಾಲೀಕರಿಗೂ ಕಂಡಿತು. ಅವರು ತಮ್ಮ ದರವನ್ನು ಅದಕ್ಕೆ ಸರಿಯಾಗಿ ಏರಿಸಿಕೊಂಡರು.

ದಿನಕ್ಕೊಂದು ದರ ಎಂಬ ಪಾಠವನ್ನು ಸಾಮಾನ್ಯ ಜನರಿಗೆ ಕಲಿಸಿದವರಲ್ಲಿ ಮೊದಲಿಗರು ನಮ್ಮ ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗ, ಮುಂದೆ ಒಂದು ರೂಪಾಯಿಗೆ ಟಿಕೆಟ್ ಕೊಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಒಂದು ರೂಪಾಯಿಯ ಟಿಕೆಟ್ಟೂ ಇಂದಿನ ದೀಪಾವಳಿಯ ಟಿಕೆಟ್ಟೂ ಒಂದೇ ಲೆಕ್ಕದ ಎರಡು ತುದಿಗಳು. ಸೀಟು ಖಾಲಿ ಉಳಿಯುವ ದಿನ ದರ ಇಳಿಸು, ತುಂಬುವ ದಿನ ಏರಿಸು. ಮಂಗಳವಾರದ ರಾತ್ರಿ ಅಗ್ಗಕ್ಕೆ ಊರಿಗೆ ಹೋಗಿ ಬಂದವರು ಯಾರೂ ಪತ್ರಿಕೆಗೆ ಪತ್ರ ಬರೆಯುವುದಿಲ್ಲ.

ದರ ನಿಗದಿ ಮಾಡುವವರು ಬಸ್ ಮಾಲೀಕರು, ನಾವಲ್ಲ ಎಂದು ಟಿಕೆಟ್ ಮಾರುವ ಆ್ಯಪ್‌ಗಳು ಹೇಳುತ್ತವೆ. ತಾಂತ್ರಿಕವಾಗಿ ಸರಿ. ಆದರೆ ಟಿಕೆಟ್ಟಿನ ಮೊತ್ತ ಏರಿದಂತೆ ಶೇಕಡಾವಾರು ಕಮಿಷನ್ನೂ ಏರುತ್ತದೆ ಎಂಬುದನ್ನು ಮರೆಯಬೇಕಿಲ್ಲ. ಮಾಲೀಕರ ವಾದದಲ್ಲಿಯೂ ಹುರುಳಿದೆ: ಹಬ್ಬದ ಮುನ್ನಾದಿನ ಬೆಂಗಳೂರಿನಿಂದ ತುಂಬಿ ಹೊರಟ ಬಸ್ಸು ಮಾರನೆಯ ರಾತ್ರಿ ಬೆಂಗಳೂರಿಗೆ ಖಾಲಿ ಬರುತ್ತದೆ. ಡೀಸೆಲ್, ಟೋಲ್, ಡ್ರೈವರ್ ಬಾಟಾ ಎರಡೂ ಕಡೆಗೆ ಒಂದೇ. ಎರಡೂ ಕಡೆಯ ಭಾರವನ್ನೂ ಹೋಗುವ ಪ್ರಯಾಣಿಕನೇ ಹೊರುತ್ತಾನೆ. ಆದರೆ ಅದು ಎರಡು ಪಟ್ಟನ್ನು ಒಪ್ಪಿಸುತ್ತದೆಯೇ ಹೊರತು ಮೂರು, ನಾಲ್ಕು ಪಟ್ಟನ್ನಲ್ಲ.

ಇದಕ್ಕಿಂತ ಆಳದ ಗಂಟು ಪರ್ಮಿಟ್ಟಿನಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರಯಾಣಿಕರ ಬಸ್ಸಿಗೆ ಮುಖ್ಯವಾಗಿ ಎರಡು ಬಗೆ. ಒಂದು, ನಿಲ್ದಾಣದಿಂದ ನಿಲ್ದಾಣಕ್ಕೆ ಜನರನ್ನು ಹತ್ತಿಸಿ ಇಳಿಸುವ ಸ್ಟೇಜ್ ಕ್ಯಾರೇಜ್. ಉಡುಪಿ–ಮಂಗಳೂರಿನ ಸರ್ವಿಸ್ ಬಸ್ಸು ಈ ಬಗೆಯದು. ಅದರ ದರ ಸರ್ಕಾರ ಹೇಳಿದಷ್ಟು. ಇನ್ನೊಂದು ಕಾಂಟ್ರಾಕ್ಟ್ ಕ್ಯಾರೇಜ್, ಇಡೀ ವಾಹನವನ್ನು ಒಂದು ಗುಂಪು ಒಪ್ಪಂದದ ಮೇಲೆ ಬಾಡಿಗೆಗೆ ಹಿಡಿಯುವಂಥದ್ದು. ಮದುವೆ ದಿಬ್ಬಣ, ಧರ್ಮಸ್ಥಳ ಯಾತ್ರೆ. ದಾರಿಯಲ್ಲಿ ಬೇರೆಯವರನ್ನು ಹತ್ತಿಸುವಂತಿಲ್ಲ. ನಾವು ರಾತ್ರಿ ಹತ್ತುವ ಸ್ಲೀಪರ್ ಬಸ್ಸುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯ ಅಥವಾ ಪ್ರವಾಸಿ ಪರ್ಮಿಟ್ ಹೊಂದಿದವು. ಎಂದರೆ ಮೂವತ್ತಾರು ಮಂದಿ ಅಪರಿಚಿತರು ಬೇರೆ ಬೇರೆ ದರ ಕೊಟ್ಟು, ಒಬ್ಬರು ಮಡಿವಾಳದಲ್ಲಿ ಇನ್ನೊಬ್ಬರು ಯಶವಂತಪುರದಲ್ಲಿ ಹತ್ತಿ, ಮುಖ ಮುಖ ನೋಡದೆ ಪರದೆ ಎಳೆದು ಮಲಗಿದರೂ ಕಾನೂನಿನ ಕಣ್ಣಿಗೆ ಅದೊಂದು ದಿಬ್ಬಣ. ಮದುಮಕ್ಕಳು ಮಾತ್ರ ಇಲ್ಲ.

ಈ ಸೋಗು ಎಲ್ಲರಿಗೂ ಗೊತ್ತು. ಅಧಿಕಾರಿಗಳು ಹಬ್ಬದ ವಾರ ಕೆಲವು ಬಸ್ಸುಗಳನ್ನು ತಡೆದು ಕೇಸು ಹಾಕುತ್ತಾರೆ, ವಾರ ಕಳೆದರೆ ಎಲ್ಲ ಮೊದಲಿನಂತೆ. ಗಟ್ಟಿಯಾಗಿ ಹಿಡಿದರೆ ಲಕ್ಷಾಂತರ ಜನ ಊರಿಗೆ ಹೋಗುವುದೇ ನಿಲ್ಲುತ್ತದೆ, ಸರ್ಕಾರಿ ಬಸ್ಸುಗಳು ಆ ಹೊರೆ ಹೊರಲಾರವು. ಬಿಟ್ಟರೆ ದರಕ್ಕೆ ಲಗಾಮಿಲ್ಲ. ಹಾಗೆಂದು ಸರ್ಕಾರದ ಕೈ ಕಟ್ಟಿದೆ ಎನ್ನುವಂತೆಯೂ ಇಲ್ಲ. ಕಾಯ್ದೆಯ 67ನೇ ಸೆಕ್ಷನ್ ಕಾಂಟ್ರಾಕ್ಟ್ ಕ್ಯಾರೇಜ್‌ಗಳಿಗೂ ಗರಿಷ್ಠ ದರ ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಮಹಾರಾಷ್ಟ್ರ 2018ರಲ್ಲಿ ಅದನ್ನು ಬಳಸಿತು. ಖಾಸಗಿ ಬಸ್ಸುಗಳು ಅದೇ ಬಗೆಯ ಸರ್ಕಾರಿ ಬಸ್ಸಿನ ದರದ ಒಂದೂವರೆ ಪಟ್ಟು ಮೀರಬಾರದು ಎಂದಿತು. ಒಂದೂವರೆ ಎಂಬ ಸಂಖ್ಯೆ ಸರಿಯೇ ತಪ್ಪೇ ಎಂದು ಚರ್ಚಿಸಬಹುದು. ಕನಿಷ್ಠ ಅಲ್ಲೊಂದು ಸಂಖ್ಯೆ ಇದೆ, ಮತ್ತು ಮೀರಿದ್ದಕ್ಕೆ ಸಾಕ್ಷಿ ಪ್ರತಿಯೊಬ್ಬರ ಮೊಬೈಲಿನಲ್ಲಿದೆ. ಗುಲಾಬಿ ಚೀಟಿಯ ಕಾಲದಲ್ಲಿ ಆ ಸಾಕ್ಷಿಯೂ ಇರಲಿಲ್ಲ.

ಹಾಗಾಗಿ ಫಣೀಂದ್ರ ಬಗೆಹರಿಸಿದ್ದು ಸೀಟು ಎಲ್ಲಿದೆ ಎಂಬ ಪ್ರಶ್ನೆಯನ್ನು. ಸೀಟು ಸಾಕಷ್ಟು ಇದೆಯೇ, ಅದಕ್ಕೆ ಎಷ್ಟು ಕೇಳಬಹುದು ಎಂಬ ಪ್ರಶ್ನೆಗಳು ಅವರ ಮೇಜಿಗೆ ಬಂದದ್ದೇ ಅಲ್ಲ. ಅವು ವಿಧಾನಸೌಧದ ಕಡತಗಳಲ್ಲಿವೆ. ಎಂಜಿನಿಯರ್ ಒಬ್ಬ ತನಗೆ ತಿಳಿದ ವಿದ್ಯೆಯಿಂದ ಒಂದು ಗಂಟು ಬಿಚ್ಚಿದಾಗ ಉಳಿದ ಗಂಟುಗಳೂ ಅವನೇ ಕಟ್ಟಿದವು ಎಂಬಂತೆ ಬೈಯುವುದು ನಮ್ಮ ಅಭ್ಯಾಸ. ಹೊಗಳುವಾಗಲೂ ಹಾಗೆಯೇ ಬಿಡಿ, ಅವನೇ ಎಲ್ಲವನ್ನೂ ಬಿಚ್ಚಿದ ಎನ್ನುತ್ತೇವೆ.

ಈಚೆಗೆ ಒಂದು ಹಬ್ಬದ ಮುನ್ನಾದಿನ ಪರದೆಯಲ್ಲಿ ನಮ್ಮ ಊರಿನ ಬಸ್ಸುಗಳ ಮುಂದೆಲ್ಲ ಸೊನ್ನೆ ಕಂಡಾಗ ಹಳೆಯ ಅಂಗಡಿಗೇ ಹೋದೆ. ಎಸ್‌ಟಿಡಿ ಬೂತ್ ಹೋಗಿ ಆಧಾರ್ ತಿದ್ದುಪಡಿ, ಪಾನ್ ಕಾರ್ಡ್ ಎಂಬ ಬೋರ್ಡು ಬಂದಿದೆ. ಏಜೆಂಟರ ತಲೆ ನೆರೆತಿದೆ. ಅವರ ಎದುರು ಕಂಪ್ಯೂಟರ್, ಅದರಲ್ಲಿ ನನ್ನ ಮೊಬೈಲಿನಲ್ಲಿ ಇದ್ದದ್ದೇ ಸೊನ್ನೆ. ಅವರು ಅದನ್ನು ಒಮ್ಮೆ ನೋಡಿ, ಫೋನ್ ಎತ್ತಿ, ಯಾರದೋ ಹೆಸರು ಹಿಡಿದು ಕರೆದು, ಮನೆಯವರ ಕ್ಷೇಮ ಸಮಾಚಾರ ಕೇಳಿ, "ನಮ್ಮವರೇ, ಒಂದೇ ಒಂದು" ಎಂದರು.

ಹಿಂದಿನಿಂದ ಎರಡನೇ ಸಾಲು, ಮೇಲಿನ ಬರ್ತ್ ಸಿಕ್ಕಿತು. ದರ ಎಷ್ಟೆಂದು ನಾನು ಕೇಳಲಿಲ್ಲ, ಅವರು ನನ್ನ ಬ್ಯಾಗಿನ ಕಡೆ ಒಮ್ಮೆ ನೋಡಿ ಹೇಳಿದರು.